ಬಪ್ಪ ಮಗುವಿನ ಪಾಲು

ಅತ್ತೆಯ ನಡುನೆತ್ತಿಯಲ್ಲಿ ಸಣ್ಣ ಬಟ್ಟಲಿನಷ್ಟು ಅಗಲಕ್ಕೆ ಕೂದಲೇ ಇರಲಿಲ್ಲ. ಮೀನಿನ ಬುಟ್ಟಿಯ ಕೆಳಗಿನ ಬಟ್ಟೆಯ ಸಿಂಬಿ ವರ್ಷಗಟ್ಟಲೆ ಅಲ್ಲೇ ಕೂತು ಕೂತು ಆ ಜಾಗ ನುಣ್ಣಗಾಗಿ, ಎಣ್ಣೆ ಹಚ್ಚಿದ ದಿನ ಹೊಳೆಯುತ್ತಿತ್ತು. ಸುತ್ತಲಿನ ಕೂದಲನ್ನು ಮೇಲಕ್ಕೆ ಬಾಚಿ ಅದನ್ನು ಮುಚ್ಚಿ, ಮೇಲೊಂದು ತುಂಡು ಅಬ್ಬಲಿಗೆ ಹೂ ಸಿಕ್ಕಿಸುತ್ತಿದ್ದರು. ಬುಟ್ಟಿ ಇಳಿಸಿದ ಮೇಲೂ ಅವರ ಕತ್ತು ಬುಟ್ಟಿ ಹೊತ್ತ ಹಾಗೆಯೇ ಇರುತ್ತಿತ್ತು. ಬಸ್ಸಿನಲ್ಲಾಗಲಿ, ಮದುವೆಮನೆಯ ಕುರ್ಚಿಯಲ್ಲಾಗಲಿ, ಅಲುಗಿದರೆ ಏನೋ ಚೆಲ್ಲಿಹೋಗುತ್ತದೆ ಎಂಬಂತೆ ನೆಟ್ಟಗೆ ಕೂರುತ್ತಿದ್ದರು. ಹಿಂದಿನಿಂದ ಯಾರಾದರೂ ಕರೆದರೆ ಕತ್ತು ತಿರುಗಿಸುತ್ತಿರಲಿಲ್ಲ. ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು.

ಅವರು ನನ್ನ ಅಪ್ಪಯ್ಯನ ಅಕ್ಕ. ನಾವುಂದದಲ್ಲಿ ಮನೆ. ಮಾವ ಜಗಲಿಯಲ್ಲಿ ಬಲೆ ಹೆಣೆಯುತ್ತ ಕೂರುವ ಮನುಷ್ಯ, ಮಾತು ಕಡಿಮೆ. ಆ ಮನೆಯ ಮಾತೆಲ್ಲ ಅತ್ತೆಯದೇ. ಮಕ್ಕಳಿರಲಿಲ್ಲ.

ನಾನು ಕುಂದಾಪುರದ ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ಅತ್ತೆ ಸಿಸ್ಟರುಗಳ ಅಡುಗೆಮನೆಗೆ ಮೀನು ಕೊಡುತ್ತಿದ್ದರು. ಗೇಟಿನಿಂದಲೇ "ಹ್ವಾಯ್, ಗುಡ್ ಮಾರ್ನಿಂಗ್ ಸಿಸ್ಟ್ರೆ!" ಎಂದು ಕೂಗು. ಮಧ್ಯಾಹ್ನ ಬಂದರೂ ಅದೇ. ಒಂದು ದಿನ ಹಿರಿಯ ಸಿಸ್ಟರು ನಗುತ್ತ, "ಈಗ ಗುಡ್ ಆಫ್ಟರ್‌ನೂನ್ ಹೇಳ್ಬೇಕು" ಎಂದು ತಿದ್ದಿದರು. ಅತ್ತೆ ಬುಟ್ಟಿ ಇಳಿಸುತ್ತಾ, "ಮೀನ್ ಖಾಲಿ ಆಪ್ವರಿಗೂ ನಂಗೆ ಮಾರ್ನಿಂಗೇ ಸಿಸ್ಟ್ರೆ" ಅಂದರು. ಆಮೇಲೆ ಸಿಸ್ಟರೇ ಸಂಜೆಯ ಹೊತ್ತಿಗೂ ಅವರಿಗೆ ಗುಡ್ ಮಾರ್ನಿಂಗ್ ಹೇಳತೊಡಗಿದರು.

ಮೀನಿನ ವಿಷಯದಲ್ಲಿ ಅತ್ತೆ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಕಿವಿರು ಎತ್ತಿ ತೋರಿಸಿ, "ಇದ್ ನಿನ್ನಿದ್. ಹುರುಕೆ ಆತಿಲ್ಲ, ಸಾರಿಗೆ ಆತ್ತ್" ಎಂದು ಅವರೇ ಮೊದಲು ಹೇಳಿಬಿಡುತ್ತಿದ್ದರು. ಅವರದೇ ಇನ್ನೊಂದು ಕ್ರಮವೂ ಇತ್ತು. ಮಕ್ಕಳಿರುವ ಮನೆಗೆ ಕೊಡಬೇಕಾದ ಮೀನನ್ನೆಲ್ಲ ಕೊಟ್ಟಾದ ಮೇಲೆ ಒಂದು ಸಣ್ಣ ಕಾಣೆ ಮೀನನ್ನು ಬೇರೆಯಾಗಿ ಎತ್ತಿಡುವುದು. ಕಾಣೆಗೆ ಮುಳ್ಳು ಕಡಿಮೆ, ಮಕ್ಕಳಿಗೆ ತಿನ್ನಿಸುವುದು ಸುಲಭ. "ಇದ್ ಮಗಿ ಪಾಲ್" ಅನ್ನುವರು. ಬೇರೆ ಯಾರೂ ಹೀಗೆ ಮಾಡುತ್ತಿದ್ದುದನ್ನು ನಾನು ನೋಡಿಲ್ಲ.

ನಾನು ಮದುವೆಯಾಗಿ ಕೋಟೇಶ್ವರಕ್ಕೆ ಬಂದ ಮೇಲೆ ಅತ್ತೆ ನಮ್ಮ ಬೀದಿಯನ್ನೂ ತಮ್ಮ ದಾರಿಗೆ ಸೇರಿಸಿಕೊಂಡರು. ಮೊದಲ ಸಲ ಬಂದಾಗ ಬಂಗುಡೆ ಕೊಟ್ಟು, ಕೊನೆಯಲ್ಲಿ ತಟ್ಟೆಯ ಮೂಲೆಯಲ್ಲಿ ಒಂದು ಕಾಣೆ ಇಟ್ಟರು. ನನ್ನ ಗಂಡನ ತಾಯಿ ಅದನ್ನು ನೋಡಿ, "ಇಲ್ಲಿ ಮಗಿ ಯಾರಿತ್ತ್ ಮರಾಯ್ತಿ?" ಎಂದು ಕೇಳಿದರು.

"ಬಪ್ಪ ಮಗಿ ಪಾಲ್. ಅದ್ ಬಪ್ವರಿಗೆ ಇವ್ಳೇ ತಿನ್ಲಿ."

ಇನ್ನು ಬರಲಿರುವ ಮಗುವಿನ ಪಾಲು! ಎಲ್ಲರೂ ನಕ್ಕರು. ನಾನು ಅಭ್ಯಾಸಬಲದಿಂದ "ಥ್ಯಾಂಕ್ಯೂ ಅತ್ತೆ" ಅಂದೆ. ಕಾನ್ವೆಂಟು ಬಿಟ್ಟು ಎಷ್ಟು ವರ್ಷವಾದರೂ ಆ ಮಾತು ನನ್ನ ಬಾಯಿಂದ ಹೋಗಿರಲಿಲ್ಲ. "ನಿನ್ ಥ್ಯಾಂಕ್ಯೂ ಸಾರಿಗ್ ಹಾಕುಕೆ ಆತ್ತಾ?" ಎಂದು ಅತ್ತೆ ಬುಟ್ಟಿ ಎತ್ತಿಕೊಂಡು ಹೋದರು.

ಇಷ್ಟೆಲ್ಲ ಹತ್ತಿರವಿದ್ದರೂ ಅತ್ತೆ ನಮ್ಮ ಕುಟುಂಬದವರಲ್ಲ. ನಮ್ಮಲ್ಲಿ ಬಳಿ, ಅಂದರೆ ವಂಶದ ಗುರುತು, ಬರುವುದು ತಾಯಿಯಿಂದ. ಅಮ್ಮನ ಅಮ್ಮ, ಅಮ್ಮನ ಅಕ್ಕತಂಗಿಯರು, ಅವರ ಮಕ್ಕಳು, ಇವರೇ ಕುಟುಂಬ. ಅಪ್ಪಯ್ಯ ಬೇರೆ ಬಳಿಯವರು, ಅವರ ಅಕ್ಕನೂ ಹಾಗೆಯೇ. ನಮ್ಮ ಕುಟುಂಬದ ಮನೆಯಲ್ಲಿ ದೈವದ ಪೂಜೆ ಆದಾಗ ಅತ್ತೆ ತಲೆಗೆ ಹೂ ಮುಡಿದು, ಇಸ್ತ್ರಿ ಮಾಡಿದ ಸೀರೆ ಉಟ್ಟು ಬರುವರು. ಒಳಗೆ ಕರೆದರೂ ಜಗಲಿಯಲ್ಲೇ ಕೂರುವರು. "ನಾನ್ ನೆಂಟ್ರ್. ನಿಮ್ ಲೆಕ್ಕದಗೆ ಇಲ್ಲೆ" ಎಂದು ನಗುವರು. ಅದರಲ್ಲಿ ದೂರು ಇರಲಿಲ್ಲ. ಮಳೆಗಾಲದಲ್ಲಿ ಕಡಲಿಗೆ ಇಳಿಯುವುದಿಲ್ಲ ಎಂಬಷ್ಟೇ ಸಹಜವಾಗಿ ಅದನ್ನು ಹೇಳುತ್ತಿದ್ದರು.

ಮದುವೆಯಾಗಿ ವರ್ಷಗಳಾದವು. ಕಾಣೆ ಬರುತ್ತಲೇ ಇತ್ತು, ಮಗು ಬರಲಿಲ್ಲ. ಗಂಡ ಬೋಟಿನ ಎಂಜಿನ್ನಿನ ಬಿಡಿಭಾಗಗಳ ಅಂಗಡಿಯಿಂದ ಬಂದು ಊಟಕ್ಕೆ ಕೂತಾಗ ಆ ಒಂದು ಮೀನನ್ನು ನನ್ನ ತಟ್ಟೆಗೇ ಸರಿಸುತ್ತಿದ್ದರು. ತಿಂಗಳ ಮುಟ್ಟು ಹೊತ್ತುಗೊತ್ತಿಲ್ಲದೆ ಬಂದು ನಿಲ್ಲದೇ ಹೋದಾಗ ಕುಂದಾಪುರದ ಡಾಕ್ಟರು ಬ್ರಹ್ಮಾವರದಾಚೆಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಒಳಗಿನ ಪದರವನ್ನು ಸ್ವಲ್ಪ ಕೆರೆದು ಪರೀಕ್ಷೆಗೆ ಕಳಿಸಿದರು. ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲ ಹಂತ, ಒಳಪದರದಲ್ಲಿ ಮಾತ್ರ.

ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ತೆಗ್ಸಿ ಬಿಡು. ಜೀವ ಇದ್ರೆ ಸಾಕ್." ನಮ್ಮ ಕಡೆ ಗರ್ಭಕೋಶ ತೆಗೆಸುವುದು ಹಲ್ಲು ಕೀಳಿಸಿದಷ್ಟೇ ಸಾಮಾನ್ಯ. ಬೀದಿಯಲ್ಲಿ ಅರ್ಧ ಜನ ಹೆಂಗಸರು ತೆಗೆಸಿದವರೇ. ಆದರೆ ಅವರೆಲ್ಲ ಮಕ್ಕಳನ್ನು ಹೆತ್ತು ಮುಗಿಸಿದವರು.

ಆಸ್ಪತ್ರೆಯಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರು ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರಿರಬಹುದು. ಮಾತಾಡುವಾಗ ಪೆನ್ನಿನ ಮುಚ್ಚಳವನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದರು. ತೆಗೆಯದೆಯೂ ಒಂದು ದಾರಿಯಿದೆ ಅಂದರು. ಹಾರ್ಮೋನಿನ ಮಾತ್ರೆ, ಜೊತೆಗೆ ಗರ್ಭಕೋಶದೊಳಗೆ ಇಡುವ ಒಂದು ಸಣ್ಣ ಸಾಧನ. ಮೂರು ತಿಂಗಳಿಗೊಮ್ಮೆ ಕೆರೆದು ನೋಡುವುದು. ಕಾಯಿಲೆ ಮಾಯವಾದರೆ ಮಗುವಿಗೆ ಪ್ರಯತ್ನ. "ಆದರೆ ಇದು ಎಲ್ಲರಿಗೂ ಆಗುವುದಿಲ್ಲ. ಕ್ಯಾನ್ಸರ್ ಅನ್ನುವುದು ಒಂದೇ ಹೆಸರು, ಒಳಗೆ ಬೇರೆ ಬೇರೆ ಜಾತಿ ಉಂಟು. ಕೆಲವು ನಮಗಾಗಿ ಕಾಯುತ್ತವೆ, ಕೆಲವು ಕಾಯುವುದಿಲ್ಲ. ಯಾವುದು ಅಂತ ಗೊತ್ತಿಲ್ಲದೆ ಮಾತ್ರೆ ಕೊಟ್ಟು ಕೂತರೆ ನಿಮ್ಮ ಜೀವದ ಜೊತೆ ಆಟ ಆಡಿದ ಹಾಗೆ." ನನ್ನಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿದ್ದರಂತೆ. ಅದನ್ನು ಜೀನ್ ಪರೀಕ್ಷೆಗೆ ಕಳಿಸುತ್ತೇವೆ, ನನ್ನ ರಕ್ತವೂ ಬೇಕಾಗಬಹುದು ಅಂದರು. ಮೇಣ ಎಂದ ಕೂಡಲೇ ನನಗೆ ಕಾನ್ವೆಂಟಿನ ಚಾಪೆಲ್ಲಿನಲ್ಲಿ ಸಾಲಾಗಿ ಉರಿಯುತ್ತಿದ್ದ ಮೋಂಬತ್ತಿಗಳು ನೆನಪಾದವು. ನನ್ನದೊಂದು ಚೂರು ಎಲ್ಲೋ ದೂರದ ಊರಿನಲ್ಲಿ ಮೇಣದೊಳಗೆ ಕೂತು ನನ್ನ ಹಣೆಬರಹ ಹೇಳಬೇಕಿತ್ತು.

ವರದಿ ಬಂದಾಗ ಅಮ್ಮ ನನ್ನ ಜೊತೆಗಿದ್ದರು. ಕಾಯದೇ ಇರುವಂಥ ಉಗ್ರ ಜಾತಿಯಲ್ಲ ಎಂಬುದು ಒಳ್ಳೆಯ ಸುದ್ದಿ. ಆದರೆ ಜೀವಕೋಶಗಳು ತಮ್ಮೊಳಗಿನ ತಪ್ಪನ್ನು ತಾವೇ ಸರಿಪಡಿಸಿಕೊಳ್ಳುವ ಶಕ್ತಿ ಕಳಕೊಂಡಿವೆ. ಇದು ವಂಶದಲ್ಲಿ ಬಂದದ್ದೂ ಇರಬಹುದು. ನನ್ನ ರಕ್ತದಲ್ಲಿ ಒಂದು ಬದಲಾವಣೆ ಸಿಕ್ಕಿದೆ, ಅದು ಕೆಡುಕಿನದೋ ನಿರುಪದ್ರವಿಯೋ ಎಂದು ಲ್ಯಾಬಿನವರಿಗೇ ಖಚಿತವಿಲ್ಲ. "ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಗರ್ಭಕೋಶದ್ದೋ ಕರುಳಿನದ್ದೋ ಕ್ಯಾನ್ಸರ್ ಆಗಿತ್ತಾ?"

"ನಮ್ ಕುಟುಂಬದಗೆ ಯಾರಿಗೂ ಇಲ್ಲೆ ಡಾಕ್ಟ್ರೆ," ಎಂದ ಅಮ್ಮನ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ಅಜ್ಜಿಯಿಂದ ಹಿಡಿದು ಶಂಕರನಾರಾಯಣದ ಚಿಕ್ಕಮ್ಮನ ಮೊಮ್ಮಗಳವರೆಗೆ ಎಲ್ಲರ ಆರೋಗ್ಯ ಹೇಳಿದರು. ಡಾಕ್ಟರು ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಹಾಕುತ್ತ ಹೋದರು. ಹಾಳೆಯ ಒಂದು ಬದಿ ಜಾತ್ರೆಯಂತೆ ತುಂಬಿತು. ಇನ್ನೊಂದು ಬದಿಯಲ್ಲಿ ಎದೆನೋವಿನಿಂದ ತೀರಿಹೋದ ಅಪ್ಪಯ್ಯನದೊಂದು ಚೌಕ, ಒಂಟಿಯಾಗಿ.

"ಇವರ ಕಡೆಯವರು?"

"ಅವ್ರದ್ ಬೇರೆ ಬಳಿ ಅಲ್ದಾ? ನೀವ್ ಕೇಂಡದ್ದ್ ನಮ್ ಕುಟುಂಬದ್ದ್."

ಡಾಕ್ಟರು ಹೊರಗಿನ ಊರಿನವರು. ಪೆನ್ನಿಗೆ ಮುಚ್ಚಳ ಹಾಕಿದರು. "ಅಮ್ಮಾ, ಮಗಳಿಗೆ ಅರ್ಧ ನಿಮ್ಮಿಂದ ಬಂದಿದೆ, ಅರ್ಧ ಅವಳ ಅಪ್ಪನಿಂದ ಬಂದಿದೆ. ನನಗೆ ಎರಡೂ ಬದಿ ಬೇಕು."

ಅಮ್ಮ ಸೆರಗು ಸರಿಮಾಡಿಕೊಂಡರು. "ಅವ್ರಿಗೆ ಒಬ್ರ್ ಅಕ್ಕ ಇದ್ರ್. ಅವ್ರಿಗೆ ಹಿಂದೆ ಯಾವಾಗ್ಲೋ ಗಡ್ಡೆ ಅಂದೇಳಿ ಗರ್ಭಕೋಶ ತೆಗ್ದಿರ್. ಗಡ್ಡೆ ಎಲ್ಲರಿಗೂ ಆತ್ತಲೆ?"

ಮುಚ್ಚಳ ಮತ್ತೆ ತೆರೆಯಿತು. ಅಪ್ಪಯ್ಯನ ಚೌಕದ ಪಕ್ಕ ಒಂದು ಸೊನ್ನೆ ಬಂತು.

ಮರುದಿನ ಅತ್ತೆ ಬಂದಾಗ ಮನೆಯಲ್ಲಿ ನಾನೊಬ್ಬಳೇ. ನನ್ನ ಕಾಯಿಲೆಯ ಹೆಸರನ್ನು ಮನೆಯವರು ಅವರಿಗೆ ಹೇಳಿರಲಿಲ್ಲ. ಬ್ಲೀಡಿಂಗ್ ತೊಂದರೆ ಎಂದಷ್ಟೇ ಗೊತ್ತಿತ್ತು. ಹಿತ್ತಲ ಕಲ್ಲಿನ ಹತ್ತಿರ ಮೆಟ್ಟುಕತ್ತಿ ಇಟ್ಟುಕೊಂಡು ಮೀನು ಹೆಚ್ಚಿಕೊಡುತ್ತಿದ್ದರು. ನನ್ನ ಕೈಗೆ ಮೀನಿನ ವಾಸನೆ ಹತ್ತಬಾರದೆಂದು ಮದುವೆಯಾದಾಗಿನಿಂದ ಅದು ಅವರದೇ ಕೆಲಸ.

"ಅತ್ತೆ, ನಿಮ್ಗೆ ಆಪರೇಶನ್ ಮಾಡಿದ್ದ್ ಗಡ್ಡೆಗಾ?"

ಕೈ ನಿಲ್ಲಲಿಲ್ಲ. "ಎಂತಕ್ಕೆ ಕೇಂಬುದ್ ಈಗ?"

ಹೇಳಿದೆ. ಹೆಸರನ್ನೂ ಹೇಳಿದೆ. ಅವರು ಹೆಚ್ಚುತ್ತಿದ್ದ ಮೀನನ್ನು ಪೂರ್ತಿ ಹೆಚ್ಚಿ, ನೀರು ಹೊಯ್ದು ತೊಳೆದು, ಕೈಗೆ ಎರಡು ಸಲ ಸೋಪು ಹಾಕಿ, ಸೆರಗಿನಲ್ಲಿ ಒರೆಸಿಕೊಂಡು ನನ್ನ ಪಕ್ಕ ಮೆಟ್ಟಿಲ ಮೇಲೆ ಬಂದು ಕೂತರು. ನೆಟ್ಟಗೆ.

"ಗಡ್ಡೆ ಅಲ್ಲ, ಹೆಣ್ಣೇ. ನಿಂಗ್ ಬಂದದ್ದೇ ನಂಗ್ ಬಂದದ್ದ್."

"ಎಂತಕ್ಕೆ ಯಾರಿಗೂ ಹೇಳ್ಲಿಲ್ಲ ಅತ್ತೆ?"

"ಯಾರಿಗ್ ಹೇಳುದ್? ನಿನ್ ಅಪ್ಪಯ್ಯಂಗೂ ಗೊತ್ತಿರ್ಲಿಲ್ಲೆ. ಆಗ ನೀನಿನ್ನೂ ಸಣ್ಣ್ ಮಗಿ. ನಾಳೆ ನಿಂಗ್ ಗಂಡ್ ಕಾಂಬ ಹೊತ್ತಿಗೆ, 'ಅದ್ರ ಅತ್ತೆಗೆ ಹಾಂಗಾಯ್ತಂಬ್ರ್' ಅಂದೇಳಿ ಯಾರಾರೂ ಬಾಯಿ ಹಾಕ್ರೆ? ನಾನ್ ನಿಮ್ ಬಳಿ ಅಲ್ದೇ ಇದ್ರೂ, ಬಾಯಿ ಹಾಕುವವ್ರಿಗೆ ಬಳಿ ಬೇಕಾ?"

ಹಿತ್ತಲಲ್ಲಿ ಕಾಗೆಗಳು ಮೀನಿನ ತಲೆಗೆ ಜಗಳವಾಡುತ್ತಿದ್ದವು. ಅತ್ತೆ ಅವನ್ನು ಓಡಿಸಲಿಲ್ಲ.

"ಅವತ್ತ್ ನಂಗೆ ಯಾರೂ ಇಷ್ಟೆಲ್ಲ ಕೇಂಡಿಲ್ಲ. ಇಂಥ ಪರೀಕ್ಷಿಯೂ ಇರ್ಲಿಲ್ಲೆ. ನಿನ್ ಮಾವ ಒಂದ್ ಕಾಗ್ದಕ್ಕೆ ಹೆಬ್ಬೆಟ್ಟ್ ಒತ್ತಿರ್. ನಾನ್ ಎಚ್ರ ಆಯಿ ಕಾಂಬತಿಗೆ ಒಳ್ಗೆ ಖಾಲಿ." ನನ್ನ ಕಡೆ ಮೈ ತಿರುಗಿಸಿ, "ನಿಂದೂ ತೆಗಿತ್ರಾ?" ಅಂದರು.

"ಗೊತ್ತಿಲ್ಲ ಅತ್ತೆ. ನಿಮ್ ರಕ್ತ ಪರೀಕ್ಷಿ ಮಾಡ್ಕಂಬ್ರ್. ಕಂಡ್ ಮೇಲೆ ಹೇಳ್ತ್ರಂಬ್ರ್."

"ಎಷ್ಟ್ ಬೇಕಂಬ್ರ್?"

"ಒಂಚೂರ್."

"ಒಂಚೂರ್ ಎಂತಕ್ಕೆ? ಒಂದ್ ಬುಟ್ಟಿ ತಕಣ್ಲಿ."

ಹೊರಡುವಾಗ ತಟ್ಟೆಯ ಮೂಲೆಯಲ್ಲಿ ಕಾಣೆ ಇಡಲು ಬಗ್ಗಿದವರು ಒಂದು ಕ್ಷಣ ತಡೆದರು. ಇಡದೆ ಹೋಗುತ್ತಾರೇನೋ ಅಂದುಕೊಂಡೆ. ಇಟ್ಟರು. ಇಟ್ಟದ್ದನ್ನು ಬೆರಳಿನಿಂದ ಸ್ವಲ್ಪ ಒಳಕ್ಕೆ ಸರಿಸಿದರು, ಜಾರಿ ಬೀಳದ ಹಾಗೆ.

ಆಸ್ಪತ್ರೆಗೆ ಅತ್ತೆ ದೈವದ ಪೂಜೆಗೆ ಉಡುತ್ತಿದ್ದ ಅದೇ ಸೀರೆಯಲ್ಲಿ ಬಂದರು. "ಕೈ ಸಡಿಲ ಬಿಡಿ ಅಮ್ಮಾ" ಎಂದ ನರ್ಸಿಗೆ, "ರಕ್ತದಗೆ ಮೀನ್ ವಾಸ್ನಿ ಬಂದ್ರೆ ಬೈಬೇಡಿ" ಅಂದರು. ಆ ಹುಡುಗಿ ನಗು ತಡೆಯಲಾರದೆ ಸೂಜಿ ಕೆಳಗಿಟ್ಟು ನಕ್ಕಳು. ಡಾಕ್ಟರ ಮುಂದೆ ಮಾತ್ರ ಅತ್ತೆ ತಮಾಷೆ ಮಾಡಲಿಲ್ಲ. "ನಂದ್ ಹೋಯ್ತ್. ಇದ್ರದ್ದೊಂದ್ ಉಳ್ಸಿ ಕೊಡಿ ಡಾಕ್ಟ್ರೆ."

"ಪ್ರಯತ್ನ ಮಾಡುವ. ಆದರೆ ಮೊದಲು ಇವರ ಜೀವ."

"ಅದ್ ಸಮ. ದೋಣಿ ಇದ್ರಲ್ದಾ ಬಲೆ ಬೀಸುದ್."

ಅತ್ತೆಯ ರಕ್ತದಲ್ಲಿಯೂ ಅದೇ ಬದಲಾವಣೆ ಇತ್ತು. ಅವರ ಹಳೆಯ ಕಾಯಿಲೆಯನ್ನೂ ಅದನ್ನೂ ಒಟ್ಟಿಗಿಟ್ಟು ನೋಡಿದ ಮೇಲೆ ಡಾಕ್ಟರಿಗೆ ದಾರಿ ಕಂಡಿತು. ಕೂಡಲೇ ತೆಗೆಯಬೇಕಾಗಿಲ್ಲ, ಆದರೆ ನಿಧಾನವಾಗಿ ನೋಡುವ ಎಂದು ವರ್ಷಗಟ್ಟಲೆ ಕೂರುವಂತೆಯೂ ಇಲ್ಲ. ಇಂಥದ್ದು ಮಾತ್ರೆಗೆ ಬಗ್ಗಿದರೂ ಮತ್ತೆ ಬರಬಹುದು. ಬಗ್ಗದಿದ್ದರೆ ಮಾತಿಲ್ಲದೆ ಆಪರೇಶನ್. ಬಗ್ಗಿದರೆ ತಡಮಾಡದೆ ಮಗು, ಹೆರಿಗೆಯಾದ ಮೇಲೆ ಗರ್ಭಕೋಶ ತೆಗೆಸಬೇಕು. ನಾವಿಬ್ಬರೂ ಆಗಾಗ ಕರುಳಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳುತ್ತಿರಬೇಕು. "ನಿಮ್ಮ ಅತ್ತೆ ಬಾರದೇ ಇದ್ದಿದ್ದರೆ ನಮಗೆ ಎಷ್ಟು ಸಮಯ ಇದೆ ಅಂತ ನನಗೆ ಗೊತ್ತಾಗುತ್ತಿರಲಿಲ್ಲ" ಎಂದು ಡಾಕ್ಟರು ಹೇಳಿದರು.

ಮಾತ್ರೆಗೆ ಮೈ ಊದಿಕೊಂಡಿತು, ರವಿಕೆಗಳೆಲ್ಲ ಬಿಗಿಯಾದವು. ಮೊದಲ ಸಲ ಕೆರೆದು ನೋಡಿದಾಗ ಕಾಯಿಲೆ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಗಂಡನ ತಾಯಿ ಕೆಟ್ಟವರಲ್ಲ, ಹೆದರಿದ್ದರು. "ಇನ್ನ್ ಸಾಕ್, ತೆಗ್ಸಿ ಬಿಡುವ" ಎಂದು ಗೇಟಿನ ಬಳಿಯೇ ಕಣ್ಣೊರೆಸಿಕೊಂಡರು. ಅತ್ತೆ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಲೂ ಇಲ್ಲ.

"ನೀವ್ ನಾಲ್ಕ್ ಬಂಗ್ಡಿ ತಕಂಬುಕೆ ಅರ್ಧ ಗಂಟಿ ಕಾಣ್ತ್ರಿ. ಎಲ್ಲ ಮೀನಿನ ಕಿವಿರ್ ಎತ್ತಿ ನೋಡ್ತ್ರಿ. ಇದಕ್ಕೆ ಡಾಕ್ಟ್ರ್ ಹೇಳಿದಷ್ಟ್ ದಿನ ಕಾಂಬುಕೆ ಆತಿಲ್ಯಾ?"

ಗಂಡನ ತಾಯಿಗೆ ಅಳುವಿನ ನಡುವೆಯೇ ನಗು ಬಂತು.

ಮುಂದಿನ ಸಲ ನೋಡಿದಾಗ ಒಳಗೆ ಏನೂ ಇರಲಿಲ್ಲ. ಅದರ ಮುಂದಿನ ಸಲವೂ ಇರಲಿಲ್ಲ. ಡಾಕ್ಟರುಗಳ ಸಹಾಯ ಬೇಕಾಯಿತು, ಒಮ್ಮೆ ನಿಂತದ್ದು ಉಳಿಯಲಿಲ್ಲ, ಆ ದಿನಗಳನ್ನು ನಾನಿಲ್ಲಿ ಬರೆಯಲಾರೆ. ಕೊನೆಗೆ ಮಗಳು ಹುಟ್ಟಿದಳು. ಅತ್ತೆ ಬಂದು, ಕೈ ತೊಳೆದುಕೊಂಡು, ತೊಳೆದ ಕೈಯನ್ನು ಮೂಸಿ ನೋಡಿ, ಮತ್ತೊಮ್ಮೆ ತೊಳೆದುಕೊಂಡು ಅವಳನ್ನು ಎತ್ತಿಕೊಂಡರು. "ಬಂದ್ಯಾ ಮರಾಯ್ತಿ? ನಿನ್ ಪಾಲೆಲ್ಲ ನಿನ್ ಅಬ್ಬೆಯೇ ತಿಂದ್ ಮುಗ್ಸಿತ್ತ್." ಅಷ್ಟು ಹೇಳಿ ಮುಖವನ್ನು ಗೋಡೆಯ ಕಡೆ ಮಾಡಿದರು. ಕತ್ತಲ್ಲ, ಇಡೀ ಮೈ.

ಕೆಲವು ತಿಂಗಳ ಮೇಲೆ ನನ್ನ ಗರ್ಭಕೋಶ ತೆಗೆದರು. ಮಂಪರು ಇಳಿದು ಕಣ್ಣು ಬಿಟ್ಟಾಗ ಮಂಚದ ಪಕ್ಕ ಅತ್ತೆ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ನಾನು ಹೊಟ್ಟೆಯ ಮೇಲೆ ಕೈಯಿಡುವ ಮೊದಲೇ ಅವಳನ್ನು ನನ್ನ ಕೈಗೆ ತಾಗಿಸಿದರು. ಅದಕ್ಕೆ ಥ್ಯಾಂಕ್ಯೂ ಎನ್ನಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ವರ್ಷ ವರ್ಷ ನಾವಿಬ್ಬರೂ ಒಟ್ಟಿಗೇ ಕರುಳಿನ ಪರೀಕ್ಷೆಗೆ ಹೋಗುತ್ತಿದ್ದೆವು. ಅತ್ತೆ ನಾವುಂದದಿಂದ ಬರುವ ಬಸ್ಸಿನಲ್ಲಿ ನನಗೊಂದು ಸೀಟು ಹಿಡಿದಿಟ್ಟು, ಕೋಟೇಶ್ವರ ಬಂದ ಕೂಡಲೇ ಕಿಟಕಿಯಿಂದ ಕೈ ಹೊರಗೆ ಹಾಕಿ "ಹ್ವಾಯ್!" ಎಂದು ಕೂಗುತ್ತಿದ್ದರು. ಪರೀಕ್ಷೆ ಮುಗಿಸಿ ಬರುವಾಗ ಬ್ರಹ್ಮಾವರದಲ್ಲಿ ಇಳಿದು ಹೋಟೆಲಿಗೆ ನುಗ್ಗುವುದು. "ಹೊಟ್ಟಿ ಎಲ್ಲ ತೊಳ್ದಾಯ್ತ್, ಇನ್ನ್ ತುಂಬ್ಸುವ" ಎಂದು ಗೋಳಿಬಜೆಗೆ ಹೇಳುವರು. ಎರಡು ಪ್ಲೇಟು ಚಟ್ನಿ ಹೆಚ್ಚಿಗೆ ಕೇಳುವರು. ನಾನು ವರ್ಷವಿಡೀ ಆ ದಿನಕ್ಕಾಗಿ ಕಾಯುತ್ತಿದ್ದೆ. ಆಸ್ಪತ್ರೆಗೆ ಹೋಗುವ ದಿನಕ್ಕಾಗಿ ಹಾಗೆ ಕಾಯುವವರು ಎಲ್ಲಾದರೂ ಇದ್ದಾರೋ ಇಲ್ಲವೋ.

ಮಗಳಿಗೆ ನಡೆಯಲು ಬಂದ ಮೇಲೆ ಸ್ಟೀಲಿನ ಸಣ್ಣ ತಟ್ಟೆ ಹಿಡಿದು ಅವಳೇ ಗೇಟಿಗೆ ಹೋಗುತ್ತಿದ್ದಳು. ಅವಳ ಕಾಣೆ ಅವಳ ತಟ್ಟೆಗೆ. ಅತ್ತೆಯಿಂದ ನನಗೆ ಬಂದದ್ದು ಅವಳಿಗೂ ಬಂದಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ದೊಡ್ಡವಳಾದ ಮೇಲೆ ಅವಳೇ ತಿಳಿದುಕೊಂಡು ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದಾರೆ. ಆ ದಿನ ಅವಳಿಗೆ ಕೇಳುವವರಿದ್ದಾರೆ, ಹೇಳುವವರೂ ಇದ್ದಾರೆ.

ಕಳೆದ ಮಳೆಗಾಲ ಮುಗಿದು ಬೋಟುಗಳು ಕಡಲಿಗೆ ಇಳಿದ ಹೊಸತರಲ್ಲಿ ಅತ್ತೆ ಹೋದರು. ಕ್ಯಾನ್ಸರಿನಿಂದ ಅಲ್ಲ, ಅಪ್ಪಯ್ಯನ ಹಾಗೆಯೇ ಎದೆನೋವು. ಬೆಳಿಗ್ಗೆ ಸಿಂಬಿ ಸುತ್ತುತ್ತ ಕೂತವರು ಏಳಲಿಲ್ಲ ಎಂದು ಮಾವ ಹೇಳಿದರು. ಮಾವ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಲಗಿಸಿದ್ದ ಅತ್ತೆಯ ತಲೆಯನ್ನು ಯಾರೋ ಬೈತಲೆ ತೆಗೆದು ಬಾಚಿದ್ದರು; ನಡುನೆತ್ತಿ ಬರಿದಾಗಿ ಕಾಣುತ್ತಿತ್ತು. ನಾನು ಸುತ್ತಲಿನ ಕೂದಲನ್ನು ಅವರು ಮಾಡುವಂತೆ ಮೇಲಕ್ಕೆ ತಂದು ಮುಚ್ಚಿದೆ.

"ನಮ್ಗ್ ಸೂತಕ ಇಲ್ಲೆ. ಅವ್ರ ಬಳಿಯವ್ರಿಗೆ ಮಾತ್ರ" ಎಂದು ಅಮ್ಮ ದಾರಿಯಲ್ಲಿ ಹೇಳಿದರು. ಹೌದು, ಕ್ರಮ ಹಾಗೆಯೇ. ಆದರೆ ಅವರ ಬಳಿಯವರು ಸೂತಕ ಕಳೆಯುವವರೆಗೆ ನಾನು ದೇವರ ದೀಪ ಮುಟ್ಟಲಿಲ್ಲ. ಸಂಜೆ ಗಂಡ ನನ್ನ ಮುಖ ನೋಡಿ, ಕಾರಣ ಕೇಳದೆ ತಾವೇ ಹಚ್ಚಿದರು. ಮೀನನ್ನೂ ತರಲಿಲ್ಲ.

ಈಗ ನಮ್ಮ ಬೀದಿಗೆ ಬೇರೆಯವಳು ಬರುತ್ತಾಳೆ. ಸ್ಕೂಟರಿನ ಹಿಂದೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಬರುವ ಚುರುಕು ಹುಡುಗಿ, ಮೀನೂ ಒಳ್ಳೆಯದು. ಅವಳು ಮೊದಲ ಸಲ ಬಂದ ದಿನ ನನಗೆ ಬಂಗುಡೆ ಕೊಟ್ಟು ಪೆಟ್ಟಿಗೆ ಮುಚ್ಚುವಾಗ ಮಗಳು ತಟ್ಟೆ ಹಿಡಿದು ಮುಂದೆ ಬಂದಳು.

"ಎಂತ ಬೇಕ್ ಮಗಾ?"

"ನನ್ ಪಾಲ್."

ಅವಳು ನನ್ನ ಕಡೆ ನೋಡಿದಳು. ಪಾಪ, ಅವಳು ನಕ್ಕು ಒಂದು ಬಂಗುಡೆಯನ್ನು ತಟ್ಟೆಗೆ ಹಾಕಿ ಸ್ಕೂಟರು ಹತ್ತಿದಳು. ಮಗಳು ಅದನ್ನು ತಂದು ನನ್ನ ಪಾತ್ರೆಗೆ ಹಾಕಿದಳು. "ಇದ್ ನಂದಲ್ಲ" ಅಂದಳು. ಆಮೇಲೆ ಖಾಲಿ ತಟ್ಟೆ ಹಿಡಿದುಕೊಂಡು ಗೇಟಿಗೇ ಹೋಗಿ, ನಾವುಂದದ ಬಸ್ಸು ಬರುವ ಕಡೆ ಮುಖ ಮಾಡಿ ನಿಂತಳು. ನಾನು ಅವಳನ್ನು ಒಳಗೆ ಕರೆಯಲಿಲ್ಲ.